ಒಣಗದ ಫಿಲ್ಟರು

ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಆ ಸಾಲುಮನೆಗಳ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಫಿಲ್ಟರಣ್ಣ ಎಂದು. ಒಂದು ಲಾರಿ, ಒಬ್ಬಳು ಹೆಂಡತಿ, ಮೂಗಿನ ಕೆಳಗೆ ಎರಡೂ ಕಡೆ ತಿರುವಿ ನಿಲ್ಲಿಸಿದ ಮೀಸೆ, ಇಷ್ಟೇ ಅವನ ಆಸ್ತಿ. ಕಲ್ಲು ಪುಡಿ ಮಾಡುವ ಕ್ರಷರಿನಿಂದ ಜಲ್ಲಿ ಸಾಗಿಸುವುದು ಕಸುಬು. ಆ ದಾರಿಯ ಧೂಳೋ, ದೇವರಿಗೇ ಪ್ರೀತಿ! ಬೆಳಿಗ್ಗೆ ಕಪ್ಪು ಕೂದಲಲ್ಲಿ ಹೋದ ಡ್ರೈವರು ಸಂಜೆ ತಾತನಾಗಿ ವಾಪಸಾಗುತ್ತಿದ್ದ.

ಅಂಥ ಧೂಳಿನಲ್ಲಿ ಇಂಜಿನ್ನು ಬದುಕುವುದು ಒಳಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರಿನ ದಯೆಯಿಂದ. ಬೇರೆಯವರು ಕಾಗದದ ಫಿಲ್ಟರು ಹಾಕಿ, ಕಟ್ಟಿಕೊಂಡಾಗ ಬಿಸಾಡಿ ಹೊಸದು ತರುತ್ತಿದ್ದರು. ಇವನು ಮಾತ್ರ ತೊಳೆದು ತೊಳೆದು ಹಾಕುವಂಥ, ಸಣ್ಣ ಕೊಡದಷ್ಟು ದಪ್ಪನೆಯ, ಸುತ್ತಲೂ ನೆರಿಗೆ ನೆರಿಗೆಯಾಗಿದ್ದ ಹತ್ತಿಬಟ್ಟೆಯ ಫಿಲ್ಟರು ತರಿಸಿದ. ಬಿಡಿಭಾಗದ ಅಂಗಡಿಯವನು ಅದನ್ನು ಕೊಡುವಾಗಲೇ ನಕ್ಕಿದ್ದ. "ನಾಲ್ಕು ಸಲ ತೊಳಿ. ಆಮೇಲೆ ಇನ್ನೊಂದು ಕೊಡಪ್ಪಾ ಅಂತ ನೀನೇ ಬರ್ತೀಯ."

"ಇದು ಜೀವಮಾನಕ್ಕೆ ಒಂದೇ," ಎಂದು ಫಿಲ್ಟರಣ್ಣ ಮೀಸೆ ತಿರುವಿದ. "ಫಿಲ್ಟರ್ ಬೇಕು ಅಂತ ನಿನ್ನ ಅಂಗಡಿ ಮೆಟ್ಟಿಲು ಇನ್ನೊಂದ್ಸಲ ಹತ್ತಿದ್ರೆ ಈ ಮೀಸೆ ಬೋಳಿಸ್ಕೋತೀನಿ."

ಅಂಗಡಿಯವನು ಪಕ್ಕದ ಕ್ಷೌರಿಕನನ್ನು ಕೂಗಿ ಕರೆದ. "ಕೇಳಿಸ್ಕೊಂಡ್ಯೇನಯ್ಯಾ? ನೀನೇ ಸಾಕ್ಷಿ." ಕ್ಷೌರಿಕ ಗಿರಾಕಿಯ ಅರ್ಧ ಕೆನ್ನೆ ಹಾಗೇ ಬಿಟ್ಟು ಬಂದು, ಮೀಸೆಯನ್ನು ಎಡದಿಂದ ಬಲಕ್ಕೆ ಅಳತೆಗಣ್ಣಿನಲ್ಲಿ ನೋಡಿ, ತಲೆಯಾಡಿಸಿ ಹೋದ.

ತೊಳೆಯುವುದಕ್ಕೆ ಫಿಲ್ಟರಣ್ಣನದೇ ಒಂದು ಶಾಸ್ತ್ರವಿತ್ತು. ಬಿಚ್ಚಿದ ಜಾಗಕ್ಕೆ ಒಗೆದ ಬಟ್ಟೆ ತುರುಕಬೇಕು, ಇಂಜಿನ್ನಿನ ಬಾಯಿಗೆ ನೊಣವೂ ಹೋಗಬಾರದು. ಫಿಲ್ಟರನ್ನು ತಟ್ಟಬೇಕು, ಕುಕ್ಕಬಾರದು. ಸೋಪಿನ ನೀರು ಸವರಿ ನೆನೆಯಲು ಬಿಡಬೇಕು. ನಲ್ಲಿಯನ್ನು ಸಣ್ಣಗೆ ತಿರುವಿ ನೀರನ್ನು ಒಳಗಿನಿಂದ ಹೊರಕ್ಕೆ ಹರಿಸಬೇಕು. ತಿರುವುಮುರುವು ಮಾಡಿದರೆ ಕೊಳೆ ಬಟ್ಟೆಯಲ್ಲೇ ಮನೆ ಮಾಡಿಕೊಳ್ಳುತ್ತದೆ. ಬ್ರಷ್ಷು ಕೂಡದು, ಬಿಸಿಲು ಕೂಡದು, ಪಂಪಿನ ಗಾಳಿ ಕೂಡದು. ನೆರಳಲ್ಲಿ ತಾನಾಗಿ ಒಣಗಬೇಕು. ಆಮೇಲೆ ಪ್ರತಿ ನೆರಿಗೆಗೂ ಧೂಳು ಹಿಡಿಯುವ ಕೆಂಪು ಎಣ್ಣೆಯ ತೆಳುವಾದ ಗೆರೆ ಎಳೆದು, ಅದು ಬಟ್ಟೆಯಲ್ಲೆಲ್ಲ ಹಬ್ಬುವ ತನಕ ಕಾಯಬೇಕು. ಇದನ್ನು ಅವನು ಹೆಂಡತಿಗೆ ಹೇಳುತ್ತಿದ್ದ, ಹಾಲಿನವನಿಗೆ ಹೇಳುತ್ತಿದ್ದ, ವಿಳಾಸ ಕೇಳಲು ಬಂದವರನ್ನೂ ನಿಲ್ಲಿಸಿಕೊಂಡು ಹೇಳುತ್ತಿದ್ದ. ಕೇಳುವವರು ಮಾತ್ರ ಯಾರೂ ಇರಲಿಲ್ಲ. ಹೆಂಡತಿಯಂತೂ "ಹೂಂ, ಹೂಂ" ಎನ್ನುತ್ತಲೇ ನಿದ್ದೆ ಮಾಡುವುದನ್ನು ಕಲಿತುಬಿಟ್ಟಿದ್ದಳು.

ಫಿಲ್ಟರು ಒಣಗುವ ದಿನ ಮನೆಯಲ್ಲಿ ಕರ್ಫ್ಯೂ. ಅದು ನಡುಮನೆಯಲ್ಲಿ, ಬಿಳಿ ಬಟ್ಟೆ ಹಾಸಿದ ಸ್ಟೂಲಿನ ಮೇಲೆ ವಿರಾಜಮಾನವಾಗಿರುತ್ತಿತ್ತು. ಕಸ ಗುಡಿಸುವಂತಿಲ್ಲ, ಧೂಳೇಳುತ್ತದೆ. ಎಣ್ಣೆಯಲ್ಲಿ ಏನನ್ನೂ ಕರಿಯುವಂತಿಲ್ಲ, ಜಿಡ್ಡು ಹಿಡಿಯುತ್ತದೆ. ಮುಖಕ್ಕೆ ಪೌಡರು ಹಚ್ಚುವವರು ಹಿತ್ತಲಿಗೆ ಹೋಗಿ ಹಚ್ಚಬೇಕು, ಸೀನು ಬಂದವರೂ ಅಲ್ಲಿಗೇ ಓಡಬೇಕು. "ಹಡೆದ ಹೆಂಗಸಿಗೂ ಈ ಆರೈಕೆ ಇಲ್ಲ," ಎಂದು ಹೆಂಡತಿ ಗೊಣಗುತ್ತಿದ್ದಳು.

ಇಂಥ ಮನೆಗೆ ಫಿಲ್ಟರಣ್ಣನ ಅತ್ತೆ ಬಂದರು. ಗಂಡ ಹೋದ ಮೇಲೆ ಅವರು ಮಗನ ಮನೆಯಲ್ಲೇ ಇದ್ದವರು. ಮಗ ಮನೆಗೆ ಬಣ್ಣ ಬಳಿಸುತ್ತಿದ್ದಾನೆ, ಅದು ಒಣಗುವ ತನಕ ಅಂತ ಅಮ್ಮನನ್ನೂ, ಅಮ್ಮನ ಕಬ್ಬಿಣದ ಬೀರುವನ್ನೂ, ಮಂಚವನ್ನೂ ಕಳಿಸಿಕೊಟ್ಟಿದ್ದ. ಅತ್ತೆಗೆ ಶುಚಿಯ ಹುಚ್ಚು. ಬಂದ ದಿನವೇ ಅಳಿಯನ ಸ್ಪ್ಯಾನರುಗಳನ್ನೆಲ್ಲ ಪಾತ್ರೆ ಪುಡಿ ಹಾಕಿ ಉಜ್ಜಿ ಬೋರಲು ಹಾಕಿದರು; ವಾರದೊಳಗೆ ಅವೆಲ್ಲ ತುಕ್ಕು ಹಿಡಿದವು. ಮೀಸೆಯಲ್ಲಿ ಟೀ ನಿಲ್ಲುತ್ತದೆ ಎಂದು ದಿನಾ ಎದುರಿಗೆ ನಿಂತು ಹೇಳಿದರು. ಫಿಲ್ಟರಣ್ಣನಿಗೆ ತನ್ನ ಮನೆಯಲ್ಲಿ ತಾನೇ ನೆಂಟನಾದ ಹಾಗಾಯಿತು. ಬಣ್ಣ ಒಣಗಿತು ಎಂದು ಭಾಮೈದ ಫೋನು ಮಾಡಿದ ದಿನ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ನನ್ನ ಬೀರು ಬಿಟ್ಟು ನಾನು ಬಸ್ಸು ಹತ್ತೋಳಲ್ಲ. ಅಳಿಯಂದ್ರ ಲಾರೀಲೇ ಹೋಗೋದು," ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದರು.

"ಅದಕ್ಕೇನಂತೆ ಅತ್ತೆ! ಫಿಲ್ಟರ್ ತೊಳೆದು ಹಾಕ್ತೀನಿ, ಒಣಗಿದ ತಕ್ಷಣ ಹೊರಟುಬಿಡೋಣ," ಎಂದ ಅಳಿಯ. ಅಂದೇ ಬಿಚ್ಚಿ ತೊಳೆದ. ಅದು ಒಣಗಿತು. ಕೆಂಪು ಎಣ್ಣೆ ಎಳೆದು, ಹಬ್ಬಲಿ ಎಂದು ಬಿಟ್ಟು ಟೀ ಕುಡಿಯಲು ಹೋದ. ಬಂದು ನೋಡಿದರೆ ಸ್ಟೂಲಿನ ಮೇಲೆ ಫಿಲ್ಟರು ಬೆಳ್ಳಗೆ, ತೊಟತೊಟ ನೀರು ಸುರಿಸುತ್ತಾ ಕೂತಿತ್ತು.

"ಅತ್ತೆ! ಇದೇನು ಮಾಡಿದ್ರಿ!"

"ಕೆಂಪು ಕಲೆ ಆಗಿತ್ತು ಅಳಿಯಂದ್ರೇ. ಹೇಗೆ ಹೋಗಿದೆ ನೋಡಿ."

"ಅದು ಕಲೆ ಅಲ್ಲ, ಎಣ್ಣೆ!"

"ಎಣ್ಣೆ ಕಲೇನೇ ಬಿಡೋದು ಕಷ್ಟ. ಅದಕ್ಕೇ ಎರಡು ಸಲ ಸೋಪು ಹಾಕ್ದೆ."

ಹೆಣ್ಣು ಕೊಟ್ಟ ಅತ್ತೆ, ಬೈಯುವ ಹಾಗಿಲ್ಲ. ಫಿಲ್ಟರಣ್ಣ ಹಿತ್ತಲಿಗೆ ಹೋಗಿ ಬಾಳೆಗಿಡವನ್ನು ಬೈದು ಬಂದ. ಮತ್ತೆ ಒಣಗಿಸಿದ, ಮತ್ತೆ ಎಣ್ಣೆ ಹಾಕಿದ. ಈ ಸಲ ಹಲ್ಲಿ ಓಡಾಡಿತೆಂದು ಅತ್ತೆ ತೊಳೆದರು. ಅದರ ಮುಂದಿನ ಸಲ ಪಕ್ಕದ ಮನೆ ಬೆಕ್ಕು ಅದರೊಳಗೆ ಮಲಗಿತ್ತಂತೆ. ಪಕ್ಕದ ಮನೆಯಲ್ಲಿ ಬೆಕ್ಕೇ ಇಲ್ಲ ಎನ್ನುವುದು ಅವನಿಗೆ ಆಗ ಹೊಳೆಯಲಿಲ್ಲ.

ಲಾರಿ ಬಾಯಿಗೆ ಬಟ್ಟೆ ತುರುಕಿಕೊಂಡು ಬೀದಿಯಲ್ಲಿ ನಿಂತೇ ಇತ್ತು. ಕ್ರಷರಿನ ಮಾಲೀಕ ಫೋನಿನಲ್ಲಿ ಕಿರುಚಿದ. ಭಾಮೈದ ದಿನಾ ಬೆಳಿಗ್ಗೆ, "ಭಾವ, ಒಣಗಿತಾ?" ಎಂದು ಕೇಳಿದ. ಸುದ್ದಿ ಬೀದಿಗೆಲ್ಲ ಹಬ್ಬಿ, ಜನ ಫಿಲ್ಟರನ್ನು ನೋಡಿಕೊಂಡು ಹೋಗಲು ಬರತೊಡಗಿದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, "ಈಗ ಹೇಗಿದೆ?" ಎನ್ನುತ್ತಿದ್ದರು. ಎದುರುಮನೆಯ ನಿವೃತ್ತ ಕಾಂಪೌಂಡರು ಕಣ್ಣು ಮುಚ್ಚಿ ನೆರಿಗೆಗಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, "ಒಳಗೆ ಇನ್ನೂ ತೇವ ಇದೆ, ಗಾಬರಿ ಬೇಡ," ಎಂದರು. ಯಾರೋ ಹೆಂಗಸು ಯಾರಿಗೆ ಹುಷಾರಿಲ್ಲ ಎಂದು ಸರಿಯಾಗಿ ತಿಳಿಯದೆ ಕಿತ್ತಳೆ ಹಣ್ಣು ತಂದುಕೊಟ್ಟಳು. ಅತ್ತೆ ಅದನ್ನು ಸುಲಿದು ಎಲ್ಲರಿಗೂ ಹಂಚಿದರು. ಹೀಗೆ ನಾಲ್ಕು ಜನ ಬಂದು ಕೂತರೆ ಅತ್ತೆಯ ಮುಖ ಅರಳುತ್ತಿತ್ತು.

ಒಂದು ಮಧ್ಯಾಹ್ನ ಫಿಲ್ಟರಣ್ಣ ಮತ್ತೆ ಎಣ್ಣೆ ಹಾಕಿ, "ಅತ್ತೆ, ನಿಮಗೆ ಕೈ ಮುಗೀತೀನಿ, ಮುಟ್ಟಬೇಡಿ," ಎಂದು ಹೇಳಿ ಹೊರಟವನು, ಫೋನು ಮರೆತೆನೆಂದು ಅರ್ಧ ದಾರಿಯಿಂದ ತಿರುಗಿ ಬಂದ. ಸ್ಟೂಲು ಖಾಲಿ. ಬಚ್ಚಲಿನಲ್ಲಿ ನೀರಿನ ಸದ್ದು. ಸಿಟ್ಟು ನೆತ್ತಿಗೇರಿತು. ಮನೆತನ, ಮರ್ಯಾದೆ ಎಲ್ಲ ಪಕ್ಕಕ್ಕಿಟ್ಟು ಇವತ್ತು ಎರಡರಲ್ಲಿ ಒಂದು ಆಗಿಯೇ ಹೋಗಲಿ ಎಂದು ಬಚ್ಚಲ ಬಾಗಿಲಿಗೆ ಹೋದವನು ಅಲ್ಲೇ ನಿಂತುಬಿಟ್ಟ.

ಅತ್ತೆ ಮಣೆಯ ಮೇಲೆ ಕೂತಿದ್ದರು. ಹತ್ತಿರದಲ್ಲಿ ಬ್ರಷ್ಷು ಇರಲಿಲ್ಲ. ನಲ್ಲಿ ಸಣ್ಣಗೆ ಬಿಟ್ಟಿತ್ತು. ಫಿಲ್ಟರನ್ನು ಮಗುವಿನ ಹಾಗೆ ಓರೆಯಾಗಿ ಹಿಡಿದು, ನೆರಿಗೆ ನೆರಿಗೆ ತಿರುಗಿಸುತ್ತಾ, ನೀರನ್ನು ಒಳಗಿನಿಂದ ಹೊರಕ್ಕೆ ಹರಿಸುತ್ತಿದ್ದರು. ಮೆಲ್ಲಗೆ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು: "ತಟ್ಟಬೇಕು, ಕುಕ್ಕಬಾರದು. ತಿರುವುಮುರುವು ಮಾಡಿದ್ರೆ ಕೊಳೆ ಅಲ್ಲೇ ಮನೆ ಮಾಡ್ಕೊಳ್ಳುತ್ತೆ."

ಫಿಲ್ಟರಣ್ಣನ ಸಿಟ್ಟು ಎಲ್ಲಿ ಹೋಯಿತೋ. ಅವನ ಶಾಸ್ತ್ರವನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡ ಜೀವ ಈ ಭೂಮಿಯ ಮೇಲೆ ಒಂದಿತ್ತು, ಅದು ಅವನ ಬಚ್ಚಲಲ್ಲೇ ಇತ್ತು. ಆಮೇಲೆ ತಲೆ ಓಡಿತು. ಇಷ್ಟೆಲ್ಲ ಗೊತ್ತಿರುವವರಿಗೆ ಕೆಂಪು ಎಣ್ಣೆ ಕಲೆಯಲ್ಲ ಎಂದು ಗೊತ್ತಿಲ್ಲದಿರುತ್ತದೆಯೇ?

"ಅತ್ತೆ," ಎಂದ.

ಅತ್ತೆ ಬೆಚ್ಚಿದರು. "ಬೆಕ್ಕು..." ಎಂದು ಶುರು ಮಾಡಿ, ಅಳಿಯನ ಮುಖ ನೋಡಿ ಬಿಟ್ಟರು. ನಲ್ಲಿ ನಿಲ್ಲಿಸಿದರು.

"ನನ್ನ ಮಗ ಕೆಟ್ಟವನಲ್ಲ ಅಳಿಯಂದ್ರೇ, ಹೊಟ್ಟೆಗೆ ಬಟ್ಟೆಗೆ ಏನೂ ಕಮ್ಮಿ ಮಾಡಿಲ್ಲ. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ನಾನು ಎಲ್ಲಾದ್ರೂ ಹೋಗಿ ಬಿದ್ದುಬಿಟ್ರೆ ಅಂತ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾರೆ. ಕಿಟಕಿಗೆಲ್ಲ ಗಾಜು ಜಡಿಸಿದಾರೆ, ಧೂಳು ಬರಬಾರದು ಅಂತ. ಗಾಳೀನೂ ಬರಲ್ಲ. ಸಂಜೆ ತನಕ ಆ ಗೋಡೆ ಜೊತೆ ಮಾತಾಡ್ಬೇಕು. ಈಗ ಅದಕ್ಕೂ ಬಣ್ಣ ಹೊಡೆಸಿದಾನಂತೆ, ಮುಟ್ಟೋ ಹಾಗಿಲ್ಲ."

"ಮೊದಲೇ ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ನೀವು ದಿನಾ ಬೆಳಿಗ್ಗೆ ಎದ್ದು ಇದನ್ನ ಮುಟ್ಟಿ ನೋಡ್ತಿದ್ರಲ್ಲ, ಒಣಗಿತಾ ಒಣಗಿತಾ ಅಂತ."

ಫಿಲ್ಟರಣ್ಣನಿಗೆ ನಾಚಿಕೆಯಾಯಿತು. ಇಂಜಿನ್ನಿಗೆ ಗಾಳಿ ಸಾಲದಿದ್ದರೆ ಅದು ಎಳೆಯುವುದಿಲ್ಲ, ಕರಿ ಹೊಗೆ ಉಗುಳಿ ನರಳುತ್ತದೆ ಎಂದು ಊರಿಗೆಲ್ಲ ಸಾರಿದವನು ಅವನು. ಮನೆಯೊಳಗೆ ಕೂತಿದ್ದ ಮನುಷ್ಯಜೀವದ ವಿಷಯದಲ್ಲಿ ಅದು ಹೊಳೆದಿರಲಿಲ್ಲ. ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಳಿಯ ಮುನಿಸಿಕೊಂಡರೆಂದು ಅತ್ತೆ ಬಚ್ಚಲಲ್ಲೇ ಕೂತು ಅತ್ತರು. ಆಮೇಲೆ ಎದ್ದು ಬೀರುವಿನ ಬಾಗಿಲು ತೆರೆದು ಸೀರೆಗಳನ್ನು ಗಂಟು ಕಟ್ಟತೊಡಗಿದರು.

ಸಂಜೆ ಬಾಗಿಲು ತೆರೆದ ಹೆಂಡತಿ ಕಿಟಾರನೆ ಕಿರುಚಿದಳು. ಯಾರೋ ಪರಗಂಡಸು ಸೀದಾ ನಡುಮನೆಗೆ ನುಗ್ಗುತ್ತಿದ್ದ. ಕಿರುಚುವುದು ಮುಗಿದ ಮೇಲೆ ಅಂಗಿಯ ಗುರುತು ಹತ್ತಿತು. "ಅಯ್ಯೋ, ರೀ! ಮೀಸೆ ಎಲ್ಲಿ?"

ಮೂಗಿನ ಕೆಳಗೆ ಬಿಸಿಲೇ ಕಾಣದ ಬೆಳ್ಳನೆಯ ಪಟ್ಟಿ. ಕಂಕುಳಲ್ಲಿ ಒಂದು ಹೊಸ ಪೆಟ್ಟಿಗೆ. ಫಿಲ್ಟರಣ್ಣ ಕೊಟ್ಟಿದ್ದ ಮಾತನ್ನು ಅಂಗಡಿಯವನು ಮರೆತಿರಲಿಲ್ಲ. ಕ್ಷೌರಿಕನಂತೂ ಕತ್ತಿ ಮಸೆದುಕೊಂಡೇ ಕಾಯುತ್ತಿದ್ದ, ತಾನೇ ಸಾಕ್ಷಿಯಾಗಿದ್ದ ಖುಷಿಗೆ ಕೂಲಿಯನ್ನೂ ಬಿಟ್ಟುಕೊಟ್ಟಿದ್ದ. ಬೀದಿಯವರೆಲ್ಲ ನಿಂತು ನೋಡಿದ್ದರು.

"ಇದು ಲಾರಿಗೆ," ಎಂದು ಫಿಲ್ಟರಣ್ಣ ಪೆಟ್ಟಿಗೆಯನ್ನು ಕೆಳಗಿಟ್ಟ. "ನಾಳೆ ಕ್ರಷರಿಗೆ ಹೋಗ್ಬೇಕಲ್ಲ. ಆ ಹಳೇದು ನಿಮಗೆ ಅತ್ತೆ. ಅದು ಒಣಗಿದ ಮೇಲೇ ನಿಮ್ಮನ್ನ ಬಿಟ್ಟುಬರೋದು. ಮಾತು ಅಂದ್ರೆ ಮಾತು."

ಅತ್ತೆ ಪೆಟ್ಟಿಗೆ ನೋಡಿದರು, ಬೋಳು ಮೂತಿ ನೋಡಿದರು. ಗಂಟಿನ ಸೀರೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಬೀರುವಿಗೆ ಜೋಡಿಸಿದರು. ಜೋಡಿಸುತ್ತಲೇ, "ಈಗ ಟೀ ನಿಲ್ಲಲ್ಲ ಬಿಡಿ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಭಾಮೈದನ ಫೋನು ತಪ್ಪದೆ ಬಂತು. "ಭಾವ, ಒಣಗಿತಾ?"

ಫಿಲ್ಟರಣ್ಣ ಸ್ಟೂಲಿನ ಬಳಿ ಹೋಗಿ ನೆರಿಗೆಗಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ. ಸೌದೆಯ ಹಾಗೆ ಒಣಗಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ಲೋಟ ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದರು.

"ಇಲ್ಲ ಕಣಯ್ಯಾ," ಎಂದ. "ಇನ್ನೂ ಹಸೀನೇ ಇದೆ." ಇಲ್ಲದ ಮೀಸೆಯನ್ನು ತಿರುವಿದ.