ಟಗರು ತಡೆದ ಕಥೆ

ವಯಸ್ಸಾದವರನ್ನು ಹಳ್ಳಿಗಳಿಂದ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಜತ್ತದ ವಿರಂಗುಳಾ ಕೇಂದ್ರಕ್ಕೆ, ಅಂದರೆ ಹಿರಿಯರು ಹೊತ್ತು ಕಳೆಯುವ ಮನರಂಜನಾ ಕೇಂದ್ರಕ್ಕೆ, ಕರೆತರುವ ಕೆಲಸ ನನ್ನದು. ಅಲ್ಲಿ ಅವರಿಗೆ ಬಿಸಿ ಊಟ, ಬಿ.ಪಿ. ತಪಾಸಣೆ, ಆಮೇಲೆ ಕೂಡಿ ನಗುವ ವ್ಯಾಯಾಮ. ನಗಿಸುವುದರಲ್ಲಿ ನನ್ನನ್ನು ಮೀರಿಸುವವನು ಸಾಂಗಲಿ ಜಿಲ್ಲೆಯಲ್ಲೇ ಇಲ್ಲ. ಬೇಕಾದರೆ ನನ್ನನ್ನೇ ಕೇಳಿ.

ಆದರೆ ದರಿಬಡಚಿಯ ಬೀರಪ್ಪ ಮಾಮಾ ನಗುತ್ತಿರಲಿಲ್ಲ. ಕುರಿ ಕಾಯ್ದೇ ಮುಪ್ಪಾದವರು. ಹೆಂಡತಿ ತೀರಿಕೊಂಡ ಮೇಲೆ ಮಾತನ್ನೂ ಹೆಚ್ಚುಕಡಿಮೆ ಬಿಟ್ಟಿದ್ದರು. "ನಾಳಿಂದ ನನ್ನ ಕರಿಯಾಕ ಬರಬ್ಯಾಡೋ, ಅಲ್ಲಿ ನನಗೇನೈತಿ?" ಎಂದು ಒಂದು ದಿನ ದಾರಿಯಲ್ಲೇ ಹೇಳಿಬಿಟ್ಟರು.

ಹೇಗಾದರೂ ಅವರನ್ನು ಉಳಿಸಿಕೊಳ್ಳಬೇಕೆಂದು ನಾನು ಕೇಂದ್ರದಲ್ಲಿ ಎಲ್ಲರ ನಡುವೆ ನಿಂತು ಶುರು ಮಾಡಿದೆ: "ನಾ ಸಣ್ಣಾವ ಇದ್ದಾಗ ದರಿಬಡಚಿ ಅಡವ್ಯಾಗ ಸೊಕ್ಕಿದ ಟಗರೊಂದು ಮೈಮ್ಯಾಲೆ ಬಂತ್ರಿ. ಎರಡೂ ಕೋಡು ಹಿಡಿದು ನಿಲ್ಲಿಸಿಬಿಟ್ಟೆ!"

"ಸುಳ್ಳ ಹೇಳಬ್ಯಾಡೋ!" ಮೂಲೆಯಿಂದ ಮಾಮಾನ ದನಿ. "ಆ ಟಗರು ನಂದು. ನೀ ಬೇವಿನ ಗಿಡಾ ಏರಿ ಎವ್ವಾ ಎವ್ವಾ ಅಂತ ಅಳಾಕಹತ್ತಿದ್ದಿ. ನಿನ್ನ ಇಳಿಸಿದಾಕಿ ನಮ್ಮಾಕಿ. ಸೆರಗಿನಿಂದ ನಿನ್ನ ಮೂಗೂ ಒರಸಿದ್ಲು!"

ಕೂತವರೆಲ್ಲ ಹೋ ಎಂದು ನಕ್ಕರು. ಮಾಮಾನೂ ನಕ್ಕರು, ತಲೆಗೆ ಸುತ್ತಿದ ಪಟಕಾದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತ ನಕ್ಕರು.

"ಹೌದ್ರಿ ಮಾಮಾ, ಅತ್ತಿ ಬರದಿದ್ರ ಇವತ್ತಿಗೂ ಗಿಡದಾಗ ಇರತಿದ್ದೆ" ಎಂದೆ.

ಸಂಜೆ ಮನೆ ಮುಂದೆ ಇಳಿಯುವಾಗ, "ನಾಳಿ ಲಗೂನ ಬಾ" ಅಂದರು.

ಖರೇ ಹೇಳುತ್ತೇನೆ: ನಾನು ಟಗರು ತಡೆದಿಲ್ಲ, ಗಿಡ ಏರಿಲ್ಲ. ಸಣ್ಣವನಿದ್ದಾಗ ನನ್ನೂರು ಅಸಂಗಿ ಬಿಟ್ಟು ಹೊರಗೇ ಹೋದವನಲ್ಲ. ಅತ್ತೆಯ ಮುಖವನ್ನೂ ಕಂಡಿಲ್ಲ. ನನಗಿಂತ ದೊಡ್ಡ ಸುಳ್ಳುಗಾರನನ್ನು ದಿನಾ ನಾನೇ ಗಾಡಿಯಲ್ಲಿ ಹೊತ್ತು ತರುತ್ತಿದ್ದೆ, ಅದೂ ಪುಕ್ಕಟೆ!