ಲಕ್ಷ್ಯ ಎಲ್ಲಿತ್ತು ಅಂತ ಕೇಳಿದವರು

೨೦೧೪ರಲ್ಲಿ ನಾನು ಚಿಕ್ಕೋಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಗಂಡಸಾದ್ದರಿಂದ ಎಲ್ಲರ ಬಾಯಲ್ಲೂ ‘ಬ್ರದರ್’. ಡಾಕ್ಟರರ ಕೆಮ್ಮು, ಆಯಾಗಳ ಗೊಣಗಾಟ, ಸೂಜಿ ಚುಚ್ಚಿಸಿಕೊಳ್ಳುವಾಗ ಚೀರುವ ನನ್ನದೇ ದನಿ, ಎಲ್ಲವನ್ನೂ ಅನುಕರಿಸಿ ವಾರ್ಡನ್ನು ನಗಿಸುತ್ತಿದ್ದೆ. ಸಂಬಳ ಡ್ರೆಸ್ಸಿಂಗ್ ಮಾಡುವುದಕ್ಕೆ. ಈ ಸೇವೆ ಪುಕ್ಕಟೆ.

ಆ ಬೇಸಿಗೆಯಲ್ಲಿ ಕರೋಶಿ ಕಡೆಯ ಸುನಂದಾ ದಾಖಲಾದಳು. ಎಮ್ಮೆ ಕಟ್ಟಿದ ಮನೆಯ ಸೊಸೆ. ಕಡಬಾಕುಟ್ಟಿಗೆ, ಅಂದರೆ ಕರೆಂಟಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಬಲಗೈಯ ನಾಲ್ಕು ಬೆರಳು ಹೋಗಿದ್ದವು. ಗಾಯ ಚೆನ್ನಾಗಿಯೇ ಮಾಯುತ್ತಿತ್ತು. ಅವಳು ಮಾತ್ರ ಊಟ ಬಿಟ್ಟಳು, ನಿದ್ದೆ ಬಿಟ್ಟಳು.

ಕಾರಣ ಹುಡುಕಲು ಎಕ್ಸ್‌ರೇ ಬೇಕಿರಲಿಲ್ಲ. ನಮ್ಮ ಕಡೆ ರೋಗಿಯನ್ನು ‘ಮಾತಾಡಿಸಿ’ ಬರದಿದ್ದರೆ ಬೀಗತನವೇ ಕೆಡುತ್ತದೆ. ಬಾಳೆಹಣ್ಣು ಹಿಡಿದು ಬಂದವರೆಲ್ಲ ಮಂಚದ ತುದಿಗೆ ಕೂತು, ಹೇಗಾಯಿತೆಂದು ಮೊದಲಿನಿಂದ ಹೇಳಿಸುತ್ತಿದ್ದರು. ಯಂತ್ರ ಕೈಯನ್ನು ಒಳಗೆಳೆದ ಮಾತು ಬಂದಾಗ ಅವಳ ಭುಜ ಅದುರುತ್ತಿತ್ತು. ಕೇಳುವವರು ಇನ್ನಷ್ಟು ಮುಂದೆ ಬಾಗುತ್ತಿದ್ದರು. ಕೊನೆಗೆ ಎಲ್ಲರ ತೀರ್ಪೂ ಒಂದೇ: ಲಕ್ಷ್ಯ ಎಲ್ಲಿತ್ತು ನಿಂದು? ಅವಳ ಭಾವ, ಅಂದರೆ ಗಂಡನ ಅಣ್ಣ, ಮೊಬೈಲಿನ ಹುಚ್ಚು ಎಂದು ಒಗ್ಗರಣೆ ಹಾಕುತ್ತಿದ್ದ.

ಒಂದು ಮುಂಜಾನೆ ಪಟ್ಟಿ ಬಿಚ್ಚುವಾಗ ಅವಳು ಕೇಳಿದಳು: “ಅಣ್ಣಾ, ನನ್ನ ಲಕ್ಷ್ಯನ ಇರಲಿಲ್ಲೇನ್ರಿ? ಈಗ ನನಗೂ ಹಂಗ ಅನಸಾಕತ್ತೈತಿ.”

ನನ್ನ ನಾಲಿಗೆಯ ಮೇಲಿದ್ದ ಜೋಕು ಅಲ್ಲೇ ಸತ್ತಿತು. ಬೆರಳು ಕತ್ತರಿಸಿದ್ದು ಯಂತ್ರ. ಅವಳ ನೆನಪನ್ನು ಕತ್ತರಿಸುತ್ತಿದ್ದವರು ಮನುಷ್ಯರು, ಅದೂ ಹಣ್ಣು ತಂದವರು.

ಅಂದೇ ಮಧ್ಯಾಹ್ನ ಹಾರೂಗೇರಿಯಿಂದ ಅವಳ ಸೋದರತ್ತೆ ಬಂದು ಕೂತರು. ಹ್ಯಾಂಗಾತ ಬೇ ಎಂದರು. ಭಾವ ಕತೆ ಎತ್ತಿಕೊಂಡ. ನನ್ನ ಊರ ಮನೆಯಲ್ಲೂ ಅಂಥದೇ ಯಂತ್ರ ಇದೆ. ಮೇವು ಒಳಗೆಳೆಯುವ ಉರುಳೆಯವರೆಗೆ ಕೈ ಹೋಗದಂತೆ ಅದರ ಬಾಯಿಗೆ ತಗಡಿನ ಕವರ್ ಇರುತ್ತದೆ. ನಡುವೆ ನಿಂತು ಕೇಳಿದೆ: “ಮಷಿನ್ನಿನ ಕವರ್ ಎಲ್ಲೈತ್ರಿ?”

“ಅದಿದ್ರ ಮೇವು ಲಗೂನ ಹೋಗುದಿಲ್ಲ. ಬಿಚ್ಚಿ ಕೋಳಿಮರಿ ಮುಚ್ಚಾಕ ಇಟ್ಟೇವಿ,” ಎಂದ, ತಲೆ ಕೂಡ ತಗ್ಗಿಸದೆ.

ಕೋಳಿಮರಿಗಳ ಪುಣ್ಯ ದೊಡ್ಡದು. ನಾನು ಅವನಂತೆಯೇ ತೋಳು ಕಟ್ಟಿ, ಅವನದೇ ದಪ್ಪ ದನಿಯಲ್ಲಿ ಅಂದೆ: “ಲಕ್ಷ್ಯ ಎಲ್ಲಿತ್ತಲೇ ನಿಂದು?”

ನನ್ನ ಅನುಕರಣೆಗೆ ವಾರ್ಡಿನಲ್ಲಿ ಯಾರೂ ನಗದಿದ್ದು ಅದೊಂದೇ ಸಲ. ಅವನು ದೂರು ಕೊಟ್ಟ, ನನಗೆ ಮೆಮೊ ಬಂತು. ಬರಲಿ. ಏಕೆಂದರೆ ಆಗಲೇ ಸುನಂದಾ ಸೋದರತ್ತೆಯ ಕಡೆ ತಿರುಗಿ ಮೆಲ್ಲಗೆ ಹೇಳಿದ್ದಳು: “ಅತ್ತಿ, ಕವರ್ ಹಚ್ರಿ ಅಂತ ನಾ ಮೊದಲ ಹೇಳಿದ್ದೆ. ಈಗ ನೆನಪಾತು.” ಆಮೇಲೆ ಗೋಡೆಯ ಕಡೆ ಮುಖ ಮಾಡಿ, ಸಂಜೆಯವರೆಗೆ ನಿದ್ದೆ ಹೋದಳು.

ಗಾಯ ತೊಳೆಯುವ ಮೊದಲು ಅದರ ಸುತ್ತ ನಿಂತವರನ್ನು ಸರಿಸಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಹೇಗಾಯಿತು ಎಂದು ಕೇಳುವ ಹಕ್ಕು ಚಿಕಿತ್ಸೆ ಮಾಡುವವರಿಗೆ, ಅದೂ ಒಮ್ಮೆ. ಉಳಿದವರು ಸುಮ್ಮನೆ ಪಕ್ಕದಲ್ಲಿ ಕೂತು ಹೋಗಲಿ. ಸುಮ್ಮನಿರಲು ಆಗದಿದ್ದರೆ, ಮನೆಗೆ ಹೋಗಿ ತಮ್ಮ ಯಂತ್ರ ನೋಡಿಕೊಳ್ಳಲಿ.