ಅರ್ಜಿಯಪ್ಪ ಬರೆದುಕೊಟ್ಟ ಕಾಗದ

ಶಾಲೆಯ ಗುಮಾಸ್ತರು ಅರ್ಜಿಯಪ್ಪನವರನ್ನು ಮೊದಲು ಕಂಡದ್ದು ಕಚೇರಿಯಲ್ಲಿ, ಅವರು ಮಗಳನ್ನು ಐದನೆಯ ತರಗತಿಗೆ ಸೇರಿಸಲು ಬಂದ ದಿನ. ಮಗು ಎರಡು ಊರುಗೋಲುಗಳ ಮೇಲೆ ಭಾರ ಹಾಕಿ ಬಾಗಿಲಲ್ಲೇ ನಿಂತಿತ್ತು. ಗುಮಾಸ್ತರು ಕೊಟ್ಟ ನಮೂನೆಯನ್ನು ಅವರು ಮೊದಲು ಪೂರ್ತಿ ಓದಿದರು, ಅಚ್ಚಿನಲ್ಲಿದ್ದ ಎರಡು ತಪ್ಪುಗಳನ್ನು ತಿದ್ದಿದರು, ಆಮೇಲೆ ತುಂಬಿದರು.

"ನೀವೇನು ಮೇಷ್ಟ್ರಾ?" ಎಂದರು ಗುಮಾಸ್ತರು.

"ಅಲ್ಲ ಸ್ವಾಮಿ, ಕೋರ್ಟಿನ ಮುಂದೆ ಅರ್ಜಿ ಬರೆಯೋನು. ಮೇಷ್ಟ್ರು ತಪ್ಪು ಬರೆದ್ರೆ ಮಕ್ಕಳು ಫೇಲಾಗ್ತಾರೆ. ನಾನು ತಪ್ಪು ಬರೆದ್ರೆ ಮನೆ ಜಪ್ತಿ ಆಗತ್ತೆ."

ಕೋರ್ಟಿನ ಮೆಟ್ಟಿಲ ಬದಿಯಲ್ಲಿ ಒಂದು ಕಾಲು ಗಿಡ್ಡವಾದ ಮೇಜು, ಎರಡು ಪೆನ್ನು, ಒಂದು ಹಳೆಯ ನಿಘಂಟು. ಅಲ್ಲೇ ಅವರು ಇಪ್ಪತ್ತೆಂಟು ವರ್ಷ ಕೂತಿದ್ದರು. ಅವರು ಬರೆದ ಅರ್ಜಿಯಲ್ಲಿ ಇರುವೆ ನುಸುಳಲೂ ಸಂದಿಲ್ಲ ಎಂದು ವಕೀಲರೇ ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ಅವರು ಮನೆಗೆ ನಡೆದು ಹೋಗುತ್ತಿರಲಿಲ್ಲ, ತೇಲಿ ಹೋಗುತ್ತಿದ್ದರು.

ಮಗಳು ಬೆಳೆದಳು. ಒಳ್ಳೆಯ ಅಂಕ ತೆಗೆದಳು. ಕಾಲೇಜಿಗೆ ಸೇರಿಸುವ ದಿನ ಪ್ರಿನ್ಸಿಪಾಲರು ಊರುಗೋಲುಗಳನ್ನು ನೋಡಿ ಕನ್ನಡಕ ತೆಗೆದರು.

"ನೋಡಿ, ತರಗತಿ ಮೂರನೇ ಮಹಡೀಲಿದೆ, ಲಿಫ್ಟ್ ಇಲ್ಲ. ನಾಳೆ ನೀವು ಅದು ಕೊಡಿ ಇದು ಕೊಡಿ ಅಂತ ಬರಬಾರದು. ಒಂದು ಕಾಗದ ಬರೆದುಕೊಟ್ಟರೆ ಸೀಟು ಕೊಡ್ತೀನಿ."

ಕಾಲೇಜಿನ ಗುಮಾಸ್ತ ಎರಡು ಸಾಲು ಹೇಳಿದ. ಅರ್ಜಿಯಪ್ಪನವರಿಗೆ ಆ ಎರಡು ಸಾಲು ಬೋಳುಬೋಳಾಗಿ ಕಂಡಿತು. ಸೀಟು ಕೈತಪ್ಪೀತೆಂಬ ಭಯ ಒಂದು ಕಡೆ, ಕೈಯಲ್ಲಿ ಪೆನ್ನಿದ್ದ ಹುರುಪು ಇನ್ನೊಂದು ಕಡೆ. ಒಂದು ಪುಟ ತುಂಬ ಬರೆದರು: ಮಗಳ ದೈಹಿಕ ನ್ಯೂನತೆಯ ಕಾರಣದಿಂದ ಯಾವುದೇ ಸೌಲಭ್ಯವನ್ನಾಗಲಿ, ವಿನಾಯಿತಿಯನ್ನಾಗಲಿ, ಸ್ಥಳ ಬದಲಾವಣೆಯನ್ನಾಗಲಿ ತಾವು ಎಂದೆಂದಿಗೂ ಕೇಳತಕ್ಕದ್ದಲ್ಲ, ಕೇಳಿದಲ್ಲಿ ಅದು ಅಸಿಂಧು. ಮಗಳು ಓದದೆ ಕೆಳಗೆ ಸಹಿ ಹಾಕಿದಳು. ಅಪ್ಪ ಬರೆದದ್ದಲ್ಲವೇ.

ಅರವತ್ತೆರಡು ಮೆಟ್ಟಿಲು. ಅವಳು ಊರುಗೋಲುಗಳನ್ನು ಗೆಳತಿಯ ಕೈಗೆ ಕೊಟ್ಟು, ಕೂತು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಏರುತ್ತಿದ್ದಳು. ಅದಕ್ಕೆ ಇಪ್ಪತ್ತು ನಿಮಿಷ ಬೇಕು. ಹಾಜರಿ ಕೂಗುವುದು ಮೊದಲ ಐದು ನಿಮಿಷದಲ್ಲಿ. "ದಾರಿ ಬಿಡ್ರೋ, ಲಿಫ್ಟ್ ಬರ್ತಿದೆ" ಎಂದು ಹುಡುಗರು ಅವಳನ್ನು ದಾಟಿ ಓಡುತ್ತಿದ್ದರು. ನೆಲಮಹಡಿಯ ಕೋಣೆಯೊಂದರಲ್ಲಿ ಟೇಬಲ್ ಟೆನಿಸ್ ಮೇಜೊಂದು ಧೂಳು ಹಿಡಿದು ನಿಂತಿತ್ತು. ತರಗತಿಯನ್ನು ಅಲ್ಲಿಗೆ ತರಬಹುದೇ ಎಂದು ಅವಳು ಮೂರು ಸಲ ಕೇಳಿದಳು. "ಆ ಕೋಣೆ ಆಟಕ್ಕೆ ಅಂತ ಇರೋದಮ್ಮಾ" ಎಂದರು ಪ್ರಿನ್ಸಿಪಾಲರು. ಎರಡನೆಯ ವರ್ಷದ ಕೊನೆಗೆ ನೋಟಿಸು ಬಂತು: ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ.

ಪರೀಕ್ಷೆಗೆ ಇನ್ನೂ ಹತ್ತೊಂಬತ್ತು ದಿನವಿತ್ತು. ಅಪ್ಪ ಮಗಳು ಉಚಿತ ಕಾನೂನು ನೆರವಿನ ಕೋಣೆಗೆ ಹೋದರು. ಅಲ್ಲಿದ್ದ ವಕೀಲೆ ಅರ್ಜಿಯಪ್ಪನವರ ಮೇಜಿನ ಪಕ್ಕದಲ್ಲೇ ಹತ್ತು ವರ್ಷ ಓಡಾಡಿದವರು. ಅರ್ಜಿಯಪ್ಪನವರು ಬರೆದು ತಂದಿದ್ದ ಒಂಬತ್ತು ಪುಟದ ದೂರನ್ನು ವಕೀಲೆ ಪಕ್ಕಕ್ಕಿಟ್ಟು, ಸೀಟಿಗಾಗಿ ಬರೆದುಕೊಟ್ಟಿದ್ದ, ಕಾಲೇಜು ನೋಟಿಸಿನ ಜೊತೆ ಕಳಿಸಿದ್ದ ಒಂದು ಪುಟವನ್ನು ಎರಡು ಸಲ ಓದಿದರು.

"ಅಣ್ಣಾ, ಇದನ್ನ ಬರೆದ ಪುಣ್ಯಾತ್ಮ ಯಾರು? ಎಲ್ಲಾ ಬಾಗಿಲಿಗೂ ಅಗುಳಿ ಹಾಕಿದ್ದಾನಲ್ಲ."

ಅರ್ಜಿಯಪ್ಪನವರು ಜೇಬಿನಲ್ಲಿದ್ದ ಪೆನ್ನನ್ನು ಒಳಕ್ಕೆ ತಳ್ಳಿದರು. ಮಗಳು ಕಾಗದವನ್ನು ಎಳೆದುಕೊಂಡು ಅಂದು ಮೊದಲ ಬಾರಿಗೆ ಓದಿದಳು. ಓದಿ ಅಪ್ಪನ ಕೈಯನ್ನು ನೋಡಿದಳು, ಮುಖವನ್ನು ನೋಡಲಿಲ್ಲ.

"ಒಂದೇ ದಾರಿ ಇದೆ" ಎಂದರು ವಕೀಲೆ. "ಸೀಟು ಹೋಗತ್ತೆ ಅಂತ ಹೆದರಿ, ಗುಮಾಸ್ತ ಹೇಳಿದ ಹಾಗೆ ಬರೆದೆ ಅನ್ನಿ. ಅಷ್ಟೇ. ಒಂದು ಅಕ್ಷರ ಹೆಚ್ಚಿಗೆ ಬೇಡ. ನಿಮಗೆ ಕೈ ಮುಗೀತೀನಿ."

ದೂರಿನ ವಿಚಾರಣೆಯ ದಿನ ಕಾಲೇಜಿನ ವಕೀಲ ಆ ಪುಟವನ್ನು ಅರ್ಜಿಯಪ್ಪನವರ ಕೈಗೇ ಕೊಟ್ಟು, "ದೊಡ್ಡವರು ನೀವೇ ಓದಿ" ಎಂದ. ಅರ್ಜಿಯಪ್ಪನವರು ಓದಿದರು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಏರಿಸಬೇಕಾದಲ್ಲಿ ಏರಿಸಿ ಓದಿದರು. ಬೇರೆ ರೀತಿ ಓದಲು ಅವರಿಗೆ ಬರುತ್ತಿರಲಿಲ್ಲ.

"ಚೆನ್ನಾಗಿದೆ. ಈ 'ಎಂದೆಂದಿಗೂ' ಅನ್ನೋ ಪದ ಗುಮಾಸ್ತ ಹೇಳಿದ್ದಾ?"

ವಕೀಲೆ ಕೆಮ್ಮಿದರು. ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಆ ಗುಮಾಸ್ತ ಎದುರಿಗೇ ಕೂತಿದ್ದ. ಎರಡು ಸಾಲು ಸರಿಯಾಗಿ ಹೇಳಲಾರದ ಆಸಾಮಿ.

"ಇಲ್ಲ. ಅದು ನನ್ನದು. ವಾಕ್ಯಕ್ಕೆ ತೂಕ ಬರಲಿ ಅಂತ..."

ಕೋಣೆಯಲ್ಲಿ ನಗೆ ಎದ್ದಿತು. ವಿಚಾರಣಾಧಿಕಾರಿಯೂ ತಲೆ ತಗ್ಗಿಸಿ ನಕ್ಕರು. "ನಿಮ್ಮ ಮಗಳ ಕಾಲಿಗಿಂತ ವಾಕ್ಯ ಗಟ್ಟಿಯಾಗಿದೆ ಸ್ವಾಮಿ" ಎಂದ ಕಾಲೇಜಿನ ವಕೀಲ.

ಆಗ ಮಗಳು ಬೆಂಚು ಹಿಡಿದು ಎದ್ದಳು.

"ಸರ್, ನಮ್ಮಪ್ಪನಿಗೆ ಬರೆಯೋ ಚಟ. ಕುಡಿಯೋರಿಗೆ ಹೆಂಡ ಹೇಗೋ ಹಾಗೆ. ಪೆನ್ನು ಸಿಕ್ಕಿದ್ರೆ ಮುಂದೆ ಯಾರಿದ್ದಾರೆ ಅಂತಾನೂ ನೋಡಲ್ಲ. ಅವರು ಬರೆದದ್ದಕ್ಕೆ ಅರ್ಥ ಹುಡುಕಬೇಡಿ. ಅವರಿಗೇ ಗೊತ್ತಿರಲ್ಲ."

ಈ ಸಲ ಯಾರೂ ನಗಲಿಲ್ಲ. ಅಧಿಕಾರಿ ಅವಳ ಮಾತನ್ನು ಬರೆದುಕೊಂಡರು. ಅರ್ಜಿಯಪ್ಪನವರು ಕೈಯಲ್ಲಿದ್ದ ಪುಟವನ್ನು ಮೇಜಿನ ಮೇಲಿಟ್ಟು ಅಂಚುಗಳನ್ನು ಸರಿಮಾಡಿದರು. ಹೊರಗೆ ಬಂದ ಮೇಲೆ, "ನೀನು ಹೇಳಿದ್ದು ಒಳ್ಳೇದಾಯ್ತು ಕಣಮ್ಮ" ಎಂದರು. ಅವಳು, "ನಾನು ಸುಳ್ಳು ಹೇಳಲಿಲ್ಲವಲ್ಲಪ್ಪ" ಎಂದಳು.

ತೀರ್ಪು ಮಗಳ ಕಡೆಗಾಯಿತು. ತರಗತಿಯನ್ನು ನೆಲಮಹಡಿಗೆ ತರಬೇಕು, ಹಾಜರಿಯ ಕೊರತೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಆದೇಶ ಕೈಗೆ ಸಿಕ್ಕಿದಾಗ ಪರೀಕ್ಷೆ ಮುಗಿದು ಹನ್ನೊಂದು ದಿನವಾಗಿತ್ತು. ಅವಳು ಎರಡನೆಯ ವರ್ಷವನ್ನು ಮತ್ತೊಮ್ಮೆ, ತನಗಿಂತ ಕಿರಿಯರ ಜೊತೆ ಓದಬೇಕಾಯಿತು. ಪ್ರಿನ್ಸಿಪಾಲರು ತರಗತಿಯನ್ನು ಕೆಳಕ್ಕೆ ತಂದರು. ಟೇಬಲ್ ಟೆನಿಸ್ ಮೇಜನ್ನು ಮಾತ್ರ ತೆಗೆಸಲಿಲ್ಲ. ಅವಳು ಗೋಡೆಗೂ ಅದಕ್ಕೂ ನಡುವೆ ಕೂರುತ್ತಾಳೆ.

ಆದೇಶದ ನಾಲ್ಕನೆಯ ಪುಟದಲ್ಲಿ ಒಂದು ಸಾಲಿತ್ತು: "ಸದರಿ ಪತ್ರ ಬರೆದವರಿಗೆ ತಾವು ಬರೆದದ್ದರ ಅರಿವಿರಲಿಲ್ಲ." ಕೋರ್ಟಿನ ಮುಂದಿನ ಉಳಿದ ಅರ್ಜಿ ಬರಹಗಾರರು ಆ ಪುಟದ ಪ್ರತಿ ತೆಗೆಸಿ, ಆ ಸಾಲಿಗೆ ಕೆಂಪು ಗೀಟು ಹಾಕಿ, ಅರ್ಜಿಯಪ್ಪನವರ ಮೇಜಿಗೆ ಅಂಟಿಸಿದರು. ಕಿತ್ತರೆ ಮರುದಿನ ಮತ್ತೊಂದು. "ಅಪ್ಪಯ್ಯಾ, ಇವತ್ತು ಬರೆಯೋದು ಅರ್ಥ ಆಗ್ತಿದೆಯಾ?" ಎಂದು ಟೀ ಹಿಡಿದು ಕೇಳುವರು. ಬಂದ ಜನ ಅಂಟಿಸಿದ್ದನ್ನು ಓದಿ ಪಕ್ಕದ ಮೇಜಿಗೆ ಹೋಗುವರು. ಮೂರು ತಿಂಗಳು ತಡೆದುಕೊಂಡು, ಅರ್ಜಿಯಪ್ಪನವರು ಮೇಜನ್ನು ಆ ಬರಹಗಾರರಲ್ಲೇ ಒಬ್ಬನಿಗೆ ಕೊಟ್ಟುಬಿಟ್ಟರು.

ಈಗ ಅದೇ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಕೆಲಸ ಮಾಡುತ್ತಾರೆ. ಬಂದ ಹಾಳೆಯನ್ನು ಗಾಜಿನ ಮೇಲೆ ಮಗುಚಿಟ್ಟು, ಮುಚ್ಚಳ ಒತ್ತಿ, ಬೆಳಕು ಹರಿದು ಹೋಗುವವರೆಗೆ ಬೀದಿಯನ್ನು ನೋಡುತ್ತಾರೆ. ಮೊನ್ನೆ ಒಬ್ಬ ಮುದುಕಿ ನಮೂನೆಯೊಂದನ್ನು ಚಾಚಿ, "ಇದನ್ನ ಸ್ವಲ್ಪ ತುಂಬಿಕೊಡಪ್ಪ, ನನಗೆ ಬರೆಯೋಕೆ ಬರಲ್ಲ" ಎಂದಳು.

"ನನಗೂ ಬರಲ್ಲ ತಾಯಿ" ಎಂದರು ಅರ್ಜಿಯಪ್ಪನವರು. "ಎಷ್ಟು ಪ್ರತಿ ಬೇಕು ಹೇಳಿ."